ಟ್ರಾನ್ಸ್‌ಫಾರ್ಮರ್ ಬುಡದ ಕಸ

ಬೆಂಗಳೂರಿನ ನಮ್ಮ ಬಡಾವಣೆಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಒಂಬತ್ತರ ಮೇಲೆ. ಅಷ್ಟರೊಳಗೆ ಗಾರ್ಮೆಂಟ್ಸ್‌ಗೆ ಹೋಗುವವರು, ಪಿಜಿ ಹುಡುಗರು ಬಾಗಿಲಿಗೆ ಬೀಗ ಹಾಕಿ ಹೊರಟಿರುತ್ತಾರೆ. ಮನೆಯಲ್ಲಿಟ್ಟರೆ ನಾರುವ ಚೀಲ ಸ್ಕೂಟರಿನಲ್ಲಿ ನೇತಾಡುತ್ತಾ ಹೋಗಿ ತಿರುವಿನ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಬೀಳುತ್ತದೆ. ಒಂದು ಬಿದ್ದ ಕಡೆ ಹತ್ತು ಬೀಳಲು ಸಂಜೆಯವರೆಗೂ ಕಾಯಬೇಕಿಲ್ಲ.

ನಾಯಿ ಹರಿದ ಚೀಲದಿಂದ ಅನ್ನ, ಒಡೆದ ಟ್ಯೂಬ್‌ಲೈಟ್, ಪೇಪರಿನಲ್ಲೂ ಸುತ್ತದ ಡೈಪರ್ ಎಲ್ಲ ಒಟ್ಟಿಗೆ ಹೊರಬಿದ್ದಿರುತ್ತವೆ. ಅದನ್ನು ಬಾಚುತ್ತಿದ್ದ ಪೌರಕಾರ್ಮಿಕ ಮಹಿಳೆಯ ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. “ಗಾಜು ಇದ್ರೆ ಬೇರೆ ಸುತ್ತಿ ಕೊಡಿ ಅಕ್ಕಾ, ಅಷ್ಟು ಮಾಡಿದ್ರೆ ಸಾಕು” ಎಂದರು.

ಇದಕ್ಕಿಂತ ಕೆಟ್ಟದ್ದು ರಾತ್ರಿ ನಡೆಯುತ್ತದೆ. ಮನೆ ಒಡೆದ ಇಟ್ಟಿಗೆ, ಗಾರೆ, ಟೈಲ್ಸ್ ಚೂರನ್ನು ಟ್ರ್ಯಾಕ್ಟರ್‌ನಲ್ಲಿ ತಂದು ರಾಜಕಾಲುವೆಯ ಅಂಚಿಗೆ, ಕೆರೆ ದಂಡೆಗೆ ಸುರಿದು ಹೋಗುತ್ತಾರೆ. ನಿಗದಿತ ಜಾಗ ದೂರ, ಡೀಸೆಲ್ ದುಬಾರಿ. ಮಳೆಗಾಲದಲ್ಲಿ ಅದೇ ಕಾಲುವೆ ಉಕ್ಕಿ ಮನೆಗಳಿಗೆ ನುಗ್ಗುತ್ತದೆ.

ನಿಯಮಗಳಿಗೇನೂ ಕೊರತೆಯಿಲ್ಲ. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳು ಹೇಳಿದವು. ಕಟ್ಟಡ ತ್ಯಾಜ್ಯಕ್ಕೂ ಅದೇ ವರ್ಷ ಪ್ರತ್ಯೇಕ ನಿಯಮ ಬಂತು. ಬೇರ್ಪಡಿಸದ ಕಸ ಏನು ಮಾಡುತ್ತದೆಂಬುದನ್ನು ನಗರದ ಹೊರವಲಯದ ಹಳ್ಳಿ ಮಂಡೂರಿನವರನ್ನು ಕೇಳಬೇಕು. ನಗರದ ಲಾರಿಗಳು ವರ್ಷಗಟ್ಟಲೆ ಅಲ್ಲಿ ಸುರಿದವು. ಊರಿನವರು ಬೀದಿಗಿಳಿದ ಮೇಲೆ, 2014ರಲ್ಲಿ ಅದು ನಿಂತಿತು.

ದಂಡ ಬೇಕು, ಕ್ಯಾಮೆರಾನೂ ಬೇಕು. ಆದರೆ ಬೆಳಿಗ್ಗೆ ಆರೂವರೆಗೊಂದು, ರಾತ್ರಿ ಎಂಟಕ್ಕೊಂದು ಗಾಡಿ ಬಂದರೆ ನಮ್ಮ ತಿರುವಿಗೆ ಬರುವ ಅರ್ಧ ಚೀಲಗಳಾದರೂ ಕಡಿಮೆಯಾದಾವು. ವಾರ್ಡ್ ಕಚೇರಿಗೆ ಬೀದಿಯವರೆಲ್ಲ ಸಹಿ ಹಾಕಿ ಕೊಟ್ಟಿರುವ ಅರ್ಜಿಯಲ್ಲಿ ಕೇಳಿರುವುದು ಇದನ್ನೇ.