ವ್ಯವಸ್ಥಾ ತಂತ್ರಾಂಶಗಳು ಯಾವ ಪೈಥಾನ್ ಬಳಸತಕ್ಕದ್ದು: ಬಳಕೆದಾರರ ಮಾಹಿತಿಗಾಗಿ

ಲಿನಕ್ಸ್ ಆಧಾರಿತ ಗಣಕಯಂತ್ರಗಳಲ್ಲಿ ತಂತ್ರಾಂಶಗಳನ್ನು ಅನುಸ್ಥಾಪಿಸುವ ಹಾಗೂ ನವೀಕರಿಸುವ ಹಲವು ಸಾಧನಗಳನ್ನು ಪೈಥಾನ್ ಭಾಷೆಯಲ್ಲಿ ರಚಿಸಲಾಗಿರುತ್ತದೆ. ಇಂತಹ ಕಡತವನ್ನು ಓದಿ ಕಾರ್ಯಗತಗೊಳಿಸುವ ತಂತ್ರಾಂಶಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು. ಯಾವ ಇಂಟರ್‌ಪ್ರಿಟರ್ ಬಳಸತಕ್ಕದ್ದು ಎಂಬುದನ್ನು ಕಡತದ ಮೊದಲನೆಯ ಸಾಲು ಸೂಚಿಸುತ್ತದೆ. ಇದು ಒಂದೇ ಸಾಲಾದರೂ, ಇದರಲ್ಲಿ ತಪ್ಪಾದಲ್ಲಿ ಗಣಕಯಂತ್ರದ ಭದ್ರತಾ ನವೀಕರಣಗಳೇ ಸ್ಥಗಿತಗೊಳ್ಳಬಹುದು.

ಸದರಿ ಸಾಲನ್ನು ಎರಡು ವಿಧವಾಗಿ ಬರೆಯುವ ರೂಢಿಯಿದೆ. '/ಯುಎಸ್‌ಆರ್/ಬಿನ್/ಪೈಥಾನ್3' ಎಂದು ಪೂರ್ಣ ವಿಳಾಸ ನೀಡುವುದು ಒಂದು ವಿಧ. '/ಯುಎಸ್‌ಆರ್/ಬಿನ್/ಎನ್ವ್ ಪೈಥಾನ್3' ಎಂದು ಬರೆದು, ಬಳಕೆದಾರರ 'ಪಾತ್' ಪಟ್ಟಿಯಲ್ಲಿ ಮೊದಲು ದೊರೆಯುವ ಪೈಥಾನನ್ನು ಬಳಸುವುದು ಮತ್ತೊಂದು ವಿಧ. ಸ್ವಂತ ಉಪಯೋಗಕ್ಕಾಗಿ ಬರೆದ ಕಡತಗಳಿಗೆ ಎರಡನೆಯದು ಅನುಕೂಲಕರವೇ ಸರಿ. ಆದರೆ ವಿತರಣೆಯ ಪ್ಯಾಕೇಜ್‌ಗಳಿಗೆ ಅದು ಸಲ್ಲದು. ಬಳಕೆದಾರರು '/ಯುಎಸ್‌ಆರ್/ಲೋಕಲ್' ಅಡಿಯಲ್ಲಿ ಬೇರೊಂದು ಆವೃತ್ತಿಯನ್ನು ಅನುಸ್ಥಾಪಿಸಿದ್ದಲ್ಲಿ ವ್ಯವಸ್ಥಾ ಸಾಧನವೂ ಅದನ್ನೇ ಆರಿಸಿಕೊಳ್ಳುತ್ತದೆ ಮತ್ತು ತನಗೆ ಅವಶ್ಯವಾದ ಲೈಬ್ರರಿಗಳು ಅಲ್ಲಿ ದೊರೆಯದೆ ನಿಂತುಹೋಗುತ್ತದೆ. ಈ ಕಾರಣದಿಂದಲೇ ಡೆಬಿಯನ್ ಹಾಗೂ ಫೆಡೋರಾ ವಿತರಣೆಗಳ ನಿಯಮಗಳು ತಮ್ಮ ಪ್ಯಾಕೇಜ್‌ಗಳಲ್ಲಿ ಪೂರ್ಣ ವಿಳಾಸವನ್ನೇ ಅಪೇಕ್ಷಿಸುತ್ತವೆ.

ಆದಾಗ್ಯೂ, ಆ ವಿಳಾಸದಲ್ಲಿರುವ ಪೈಥಾನನ್ನೇ ಬದಲಾಯಿಸಿದಲ್ಲಿ ಪೂರ್ಣ ವಿಳಾಸವೂ ರಕ್ಷಣೆ ನೀಡಲಾರದು. ಸೆಂಟ್‌ಓಎಸ್ 7ರಲ್ಲಿ 'ಯಮ್' ಎಂಬ ಸಾಧನವು ಪೈಥಾನ್ 2ನ್ನು ಅವಲಂಬಿಸಿತ್ತು. '/ಯುಎಸ್‌ಆರ್/ಬಿನ್/ಪೈಥಾನ್' ಎಂಬ ಹೆಸರನ್ನು ಪೈಥಾನ್ 3ಕ್ಕೆ ತಿರುಗಿಸಿದವರ ಯಂತ್ರಗಳಲ್ಲಿ ಯಮ್ ಕೆಲಸ ಮಾಡುತ್ತಿರಲಿಲ್ಲ. ದುರಸ್ತಿಗೆ ಬೇಕಾದ ಪ್ಯಾಕೇಜನ್ನು ತರಬೇಕಾದ ಸಾಧನವೇ ಕೆಟ್ಟಿರುತ್ತಿತ್ತು. ತದನಂತರ 2019ರಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ವ್ಯವಸ್ಥಾ ಸಾಧನಗಳಿಗಾಗಿಯೇ 'ಪ್ಲಾಟ್‌ಫಾರ್ಮ್ ಪೈಥಾನ್' ಎಂಬ ಪ್ರತ್ಯೇಕ ಇಂಟರ್‌ಪ್ರಿಟರನ್ನು ಬೇರೆ ಕೋಶದಲ್ಲಿ ಇರಿಸಲಾಯಿತು. ಪೈಥಾನ್ 2ರ ಅಧಿಕೃತ ಬೆಂಬಲವು 2020ರ ಜನವರಿ 1ರಂದು ಕೊನೆಗೊಂಡಿತು.

(ಇದು ಪೈಥಾನ್‌ಗೆ ಸೀಮಿತವಾದ ವಿಷಯವಲ್ಲ. 2006ರ ಉಬುಂಟು 6.10ರಲ್ಲಿ '/ಬಿನ್/ಎಸ್‌ಎಚ್' ಎಂಬುದನ್ನು ಬ್ಯಾಶ್‌ನಿಂದ ಡ್ಯಾಶ್‌ಗೆ ಬದಲಾಯಿಸಿದಾಗಲೂ, ಬ್ಯಾಶ್‌ನ ವಿಶೇಷ ಸೌಲಭ್ಯಗಳನ್ನು ನಂಬಿದ್ದ ಕಡತಗಳು ವಿಫಲವಾದವು.)

ಆದುದರಿಂದ ಬಳಕೆದಾರರು ವಿತರಣೆಯೊಂದಿಗೆ ಬಂದ ಪೈಥಾನನ್ನು ತೆಗೆದುಹಾಕುವುದಾಗಲೀ ಅದರ ಹೆಸರನ್ನು ಬೇರೆ ಆವೃತ್ತಿಗೆ ಜೋಡಿಸುವುದಾಗಲೀ ಮಾಡಬಾರದು. ಸ್ವಂತ ಕೆಲಸಕ್ಕೆ 'ವೆನ್ವ್' ಮೂಲಕ ಪ್ರತ್ಯೇಕ ಪರಿಸರವನ್ನು ರಚಿಸಿಕೊಳ್ಳತಕ್ಕದ್ದು. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರಿಂದೀಚೆಗೆ, ವ್ಯವಸ್ಥೆಯ ಪೈಥಾನ್‌ಗೆ 'ಪಿಪ್' ಮುಖಾಂತರ ನೇರವಾಗಿ ಪ್ಯಾಕೇಜ್ ಸೇರಿಸಲು ಹೊರಟಲ್ಲಿ ನಿರಾಕರಣೆಯ ಸಂದೇಶ ಬರುತ್ತದೆ. ಅದನ್ನು ದೋಷವೆಂದು ಭಾವಿಸಿ, ತಡೆಯನ್ನು ಮೀರುವ ಆಯ್ಕೆಯನ್ನು ಬಳಸಬಾರದಾಗಿ ಕೋರಲಾಗಿದೆ.