ದೆಹಲಿಯಿಂದ ಟೋಕಿಯೋ ಎಷ್ಟು ಹೊತ್ತಿನ ದಾರಿ?

ನಮ್ಮ ನೆರೆಮನೆಯ ಹಿರಿಯ ಗೃಹಿಣಿಯೊಬ್ಬರು ಮಗಳ ಬಾಣಂತನಕ್ಕೆಂದು ಜಪಾನಿನ ಟೋಕಿಯೋ ನಗರಕ್ಕೆ ಹೋಗಿ ಬಂದರು. ಹೊರಡುವ ಮುನ್ನ ಟಿಕೆಟ್ಟನ್ನು ನಮ್ಮ ಕೈಗಿತ್ತು, "ಮೇಷ್ಟ್ರೇ, ಎಷ್ಟು ಹೊತ್ತು ಕೂತಿರಬೇಕು, ಸ್ವಲ್ಪ ನೋಡಿ ಹೇಳಿ" ಎಂದಿದ್ದರು. ಹೋಗುವಾಗ ರಾತ್ರಿ ೯ಕ್ಕೆ ದೆಹಲಿಯನ್ನು ಬಿಟ್ಟು ಬೆಳಿಗ್ಗೆ ೮ಕ್ಕೆ ಟೋಕಿಯೋ. ಬರುವಾಗ ಹಗಲು ೧೧ಕ್ಕೆ ಅಲ್ಲಿಂದ ಹೊರಟು ಸಂಜೆ ೫ಕ್ಕೆ ದೆಹಲಿ. ನಾವು ಬೆರಳೆಣಿಸಿ, ಹೋಗಲು ಹನ್ನೊಂದು ಘಂಟೆ, ಬರಲು ಆರೇ ಘಂಟೆ ಎಂದುಬಿಟ್ಟೆವು. ಸಂಸ್ಕೃತದೊಡನೆ ಭೂಗೋಳವನ್ನೂ ಬಹುಕಾಲ ಪಾಠ ಹೇಳಿದ ಬಾಯಿ ಇದು!

ಆಕೆ ಮಧುಮೇಹಿ, ಪರರ ಅಡಿಗೆಯನ್ನು ಮುಟ್ಟದವರು. ಹಿಂದಿರುಗುವಾಗ ನಮ್ಮ ಮಾತನ್ನು ನಂಬಿ ಆರು ಘಂಟೆಗೆ ಸಾಲುವಷ್ಟೇ ಅವಲಕ್ಕಿಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದರು. ಅದು ಮುಗಿದ ಮೇಲೂ ದೆಹಲಿ ಬಾರದು. ಇಳಿಯುವ ವೇಳೆಗೆ ಕಣ್ಣು ಕತ್ತಲಿಟ್ಟು ಕುಸಿದರಂತೆ. ಪಕ್ಕದವರು ಸಕ್ಕರೆನೀರು ಕುಡಿಸಿ ಎಚ್ಚರಿಸಿದರಂತೆ. ಊರಿಗೆ ಬಂದು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ನಾವು ಲೆಕ್ಕವನ್ನು ಮತ್ತೆ ಮಾಡಿದೆವು.

ಜಪಾನಿನ ಗಡಿಯಾರವು ನಮ್ಮದಕ್ಕಿಂತ ಮೂರೂವರೆ ಘಂಟೆ ಮುಂದೆ. ಆದಕಾರಣ ಅಲ್ಲಿಗೆ ಹೋಗುವಾಗ ಟಿಕೆಟ್ಟಿನಲ್ಲಿ ಕಾಣುವ ಅಂತರದಿಂದ ಮೂರೂವರೆಯನ್ನು ಕಳೆಯತಕ್ಕದ್ದು, ಬರುವಾಗ ಕೂಡತಕ್ಕದ್ದು. ಹಾಗೆ ಮಾಡಿದರೆ ಹೋಗಲು ಏಳೂವರೆ, ಬರಲು ಒಂಬತ್ತೂವರೆ. ಕಿರಿದೆಂದು ಕಂಡ ದಾರಿಯೇ ಹಿರಿದಾಯಿತು.

ದೂರವಾದರೋ ಎರಡು ಕಡೆಗೂ ಒಂದೇ ಅಲ್ಲವೆ? ಗೋಳದ ಮೇಲೆ ದಾರವನ್ನು ಬಿಗಿದೆಳೆದರೆ ಈ ನಗರಗಳ ನಡುವೆ ಸುಮಾರು ೫,೮೬೦ ಕಿಲೋಮೀಟರು. ಆ ದಾರವು ಟಿಬೆಟ್ಟಿನ ಮೇಲೆ ಹಾಯುವುದು. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಸುಮಾರು ೩,೦೦೦ ಮೀಟರಿನ ಎತ್ತರಕ್ಕೆ ಇಳಿಯಬೇಕಾಗುವುದು. ಅಲ್ಲಿಯಾದರೆ ನೆಲವೇ ೪,೫೦೦ ಮೀಟರಿನಷ್ಟು ಎತ್ತರ! ಆದುದರಿಂದ ವಿಮಾನಗಳು ಸಾಮಾನ್ಯವಾಗಿ ಹಿಮಾಲಯದ ದಕ್ಷಿಣಕ್ಕೆ ಸಾಗಿ, ಮಯನ್ಮಾರಿನ ಮೇಲೆ ಚೀನಾ ದೇಶವನ್ನು ಹೊಗುವುವು. ಸ್ವಲ್ಪ ಸುತ್ತು, ಅಷ್ಟೇ.

ಎರಡು ಘಂಟೆಯ ವ್ಯತ್ಯಾಸಕ್ಕೆ ಕಾರಣ ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವಾಯುಪ್ರವಾಹವೊಂದುಂಟು. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ರಭಸ ಬಹಳ. ಟೋಕಿಯೋದ ಈಶಾನ್ಯದಲ್ಲಿರುವ ತಾತೆನೋ ವೀಕ್ಷಣಾಲಯದ ಓಇಷಿ ವಾಸಬುರೋ ಎಂಬ ವಿದ್ವಾಂಸರು ಬೆಲೂನುಗಳನ್ನು ಹಾರಿಬಿಟ್ಟು, ೧೯೨೪ರ ಡಿಸೆಂಬರಿನಲ್ಲಿ ೯ ಕಿಲೋಮೀಟರು ಎತ್ತರದಲ್ಲಿ ಸೆಕೆಂಡಿಗೆ ೭೨ ಮೀಟರು, ಎಂದರೆ ಘಂಟೆಗೆ ಸುಮಾರು ೨೬೦ ಕಿಲೋಮೀಟರು, ವೇಗದ ಗಾಳಿಯನ್ನು ಅಳೆದರು. ಲೋಕಕ್ಕೆಲ್ಲ ತಿಳಿಯಲೆಂದು ೧೯೨೬ರಲ್ಲಿ ಎಸ್ಪೆರಾಂತೋ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆಯನ್ನು ಬಲ್ಲವರು ವಿರಳರಾದ್ದರಿಂದ ಲೋಕವು ಗಮನಿಸಲಿಲ್ಲ! ಪಾಪ.

ನಮ್ಮ ಸಿದ್ಧಾಂತಗ್ರಂಥಗಳು ಹೇಳುವ ಪ್ರವಹವೆಂಬ ವಾಯು ಇದೇ ಎಂದು ಯಾರಾದರೂ ಹೆಮ್ಮೆಪಟ್ಟಾರು. ಅಲ್ಲ. ಪ್ರವಹವು ನಕ್ಷತ್ರಗಳನ್ನು ಪಶ್ಚಿಮಕ್ಕೆ ಒಯ್ಯುವುದೆಂದು ಹೇಳಿದೆ. ಇದು ಬೀಸುವುದು ಪೂರ್ವಕ್ಕೆ.

ಮಿಕ್ಕದ್ದೆಲ್ಲ ಶಾಲೆಯ ದೋಣಿ-ಹೊಳೆಯ ಲೆಕ್ಕವೇ. ದಾರಿ ೬,೦೦೦ ಕಿಲೋಮೀಟರು, ವಿಮಾನದ ವೇಗ ಘಂಟೆಗೆ ೯೦೦, ಗಾಳಿ ೧೦೦ ಎಂದಿಟ್ಟುಕೊಂಡರೆ ಗಾಳಿಯೊಡನೆ ಆರು ಘಂಟೆ, ಎದುರಾಗಿ ಏಳೂವರೆ. ಏರಿಳಿಯುವ ಹೊತ್ತು ಬೇರೆ. ಮಳೆಗಾಲದಲ್ಲಿ ಈ ಗಾಳಿ ಕುಂದುವುದರಿಂದ ಅಂತರವೂ ಕುಗ್ಗುವುದು.

ಬರುವ ಮಾಘದಲ್ಲಿ ಆಕೆ ಮೊಮ್ಮಗುವನ್ನು ನೋಡಲು ಮತ್ತೆ ಹೊರಡುವರಂತೆ. ಗಾಳಿ ಬಲವಾಗಿರುವ ಕಾಲ. ಹಿಂದಿರುಗುವಾಗ ಹತ್ತು ಘಂಟೆಗೆ ಸಾಲುವಷ್ಟು ಅವಲಕ್ಕಿ ಕಟ್ಟಿಕೊಳ್ಳಿರೆಂದು ಚೀಟಿ ಬರೆದುಕೊಟ್ಟಿದ್ದೇವೆ.