ಇಸಿಜಿ ನಾರ್ಮಲ್ ಬಂದರೆ ಎದೆನೋವು ಬರೀ ಗ್ಯಾಸ್ಟ್ರಿಕ್ಕಾ?

ಹೇಳಿಕೆ: ಎದೆನೋವು ಬಂದಾಗ ಒಂದು ಇಸಿಜಿ ಮಾಡಿಸಿ. ನಾರ್ಮಲ್ ಬಂದರೆ ಹೃದಯದ ತೊಂದರೆ ಇಲ್ಲ, ಅದು ಗ್ಯಾಸ್ಟ್ರಿಕ್. ಜೀರಿಗೆ ನೀರು ಕುಡಿದು ಮಲಗಿ.

ಸತ್ಯಾಂಶ: ತಪ್ಪು. ಒಂದು ನಾರ್ಮಲ್ ಇಸಿಜಿಯಿಂದ ಹೃದಯಾಘಾತವನ್ನು ತಳ್ಳಿಹಾಕಲಾಗದು.

ಇಸಿಜಿ ಯಾಕೆ ನಾರ್ಮಲ್ ಬರುತ್ತದೆ?

ಹೃದಯದ ರಕ್ತನಾಳದೊಳಗಿನ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೇಳುತ್ತದೆ. ಅರ್ಧಂಬರ್ಧ ಮುಚ್ಚಿದ್ದರೆ ಏನೂ ಕಾಣದಿರಬಹುದು. ಇವೆಲ್ಲಕ್ಕೂ ಸೇರಿ ವೈದ್ಯರು ಹೇಳುವ ಹೆಸರು ಅಕ್ಯೂಟ್ ಕೊರೊನರಿ ಸಿಂಡ್ರೋಮ್.

ಹಾಗಾದರೆ ಪತ್ತೆ ಹೇಗೆ?

ಎದೆನೋವಿನವರು ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ನೋವು ಹೋಗದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಮಾಡಬೇಕು. ಜೊತೆಗೆ ಟ್ರೋಪೋನಿನ್ ರಕ್ತಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಈ ಪ್ರೋಟೀನ್ ರಕ್ತಕ್ಕೆ ಬರುತ್ತದೆ. ಆದರೆ ಅದು ಏರಲು ಸಮಯ ಬೇಕು. ಆದ್ದರಿಂದ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. "ದುಡ್ಡಿಗಾಗಿ ಎರಡೆರಡು ಸಲ ಟೆಸ್ಟ್" ಎಂದುಕೊಳ್ಳಬೇಡಿ.

ಯಾರಿಗೆ ಅಪಾಯ ಹೆಚ್ಚು?

ಬೀಡಿ, ಸಿಗರೇಟು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಕಾಯಿಲೆ ಇರುವವರು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿದ್ದವರು. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಾಕರಿಕೆ, ಸುಸ್ತು ಕಾಣಿಸಬಹುದು. ಬೇರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿ ಮಲಗಿದವರಿಗೂ ಹೀಗಾಗಬಹುದು. ಕಂಡ ಕೂಡಲೇ ನರ್ಸ್‌ಗೆ ತಿಳಿಸಿ.

ಮಲೆನಾಡಿನಲ್ಲಿ ಇದು ಯಾಕೆ ಮುಖ್ಯ?

ಕವಲೇದುರ್ಗದ ಕೋಟೆ ಹತ್ತುವಾಗ ಎದೆ ಹಿಡಿದು, ಕುಳಿತರೆ ಬಿಡುತ್ತದೆಯೇ? ಅದೂ ಹೃದಯದ ಸೂಚನೆ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಕುಳಿತರೂ ಬಿಡದಿದ್ದರೆ ತುರ್ತು. ಅಲ್ಲಿಂದ ತೀರ್ಥಹಳ್ಳಿಗೆ ಬಂದರೂ ಶಿವಮೊಗ್ಗ ಇನ್ನೂ ಸುಮಾರು 60 ಕಿ.ಮೀ. ಒಮ್ಮೆ ಮನೆಗೆ ಮರಳಿದರೆ, ರಾತ್ರಿ ನೋವು ಹೆಚ್ಚಾದಾಗ ಅಷ್ಟೂ ದಾರಿ ಮತ್ತೆ ಬರಬೇಕು.

ದೂರದ ಊರುಗಳಿಗೆಂದೇ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಎಸ್‌ಟಿ ಏರಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇಸಿಜಿ ಬದಲಾಗುವ ಹೊತ್ತಿಗೆ ರೋಗಿ ಮನೆಯಲ್ಲಿದ್ದರೆ ಆ ಇಂಜೆಕ್ಷನ್ ಇದ್ದೂ ಪ್ರಯೋಜನವಿಲ್ಲ.

ನೀವು ಮಾಡಬೇಕಾದ್ದು

ಎದೆ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ 108ಕ್ಕೆ ಕರೆ ಮಾಡಿ. ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಮೊದಲ ಇಸಿಜಿ ನಾರ್ಮಲ್ ಬಂದರೆ ವೈದ್ಯರನ್ನು ಒಂದು ಮಾತು ಕೇಳಿ: "ಇನ್ನೊಂದು ಇಸಿಜಿ, ಟ್ರೋಪೋನಿನ್ ಯಾವಾಗ ಮಾಡುತ್ತೀರಿ?"

ಗ್ಯಾಸ್ಟ್ರಿಕ್ ಇರಲೂಬಹುದು. ಆದರೆ ಅದನ್ನು ಕೊನೆಗೆ ಹೇಳಬೇಕು, ಮೊದಲಲ್ಲ. ಹಳೇ ಫಾರ್ವರ್ಡ್ ಬಂದ ಗ್ರೂಪಿಗೇ ಇದನ್ನೂ ಕಳಿಸಿ.